ಕರ್ತವ್ಯದ ವೇಳೆ ಅಮಲು

ಕರ್ತವ್ಯದ ವೇಳೆ ಸರ್ಕಾರಿ ನೌಕರರು ಮದ್ಯ, ಮಾದಕ ವಸ್ತುಗಳ ಅಮಲಿನಲ್ಲಿ ಇರುವಂತಿಲ್ಲ ಎನ್ನುತ್ತವೆ ನಡತೆ ನಿಯಮಗಳು. ಜಿನನಾಥಪುರದ ಶಾಲೆಯ ಮೇಷ್ಟ್ರಿಗೂ ಹಾಸನದ ಕಚೇರಿಯ ಗುಮಾಸ್ತರಿಗೂ ಅವು ಒಂದೇ. ಆದರೆ ಬಾಯಿ ವಾಸನೆ, ತೂರಾಟವಷ್ಟೇ ಪುರಾವೆಗೆ ಸಾಲದೆಂದು ಚಾಲಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ರಕ್ತ, ಮೂತ್ರದ ಮಾದರಿ ತೆಗೆಸದ ಆರೋಪ ವಿಚಾರಣೆಯಲ್ಲಿ ಸೊರಗುವುದು ಸಹಜ.

ಸ್ಟೀರಿಂಗ್ ಹಿಡಿಯುವವರ ಮಾತೇ ಬೇರೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಆಲ್ಕೋಹಾಲ್ ಇದ್ದರೆ ಅಪರಾಧ. ಕೆಎಸ್‌ಆರ್‌ಟಿಸಿ ಬಸ್ಸಾಗಲಿ, ಇಲಾಖೆಯ ಜೀಪಾಗಲಿ, ರಿಯಾಯಿತಿ ಇಲ್ಲ. ಊದುವ ಯಂತ್ರದೊಳಗೆ ಉಸಿರಿನ ಆಲ್ಕೋಹಾಲಿನಿಂದ ಹುಟ್ಟುವ ಸಣ್ಣ ವಿದ್ಯುತ್ತೇ ಪರದೆಯ ಅಂಕಿಯಾಗುತ್ತದೆ. ಮೌತ್‌ವಾಶ್ ಮುಕ್ಕಳಿಸಿದ್ದರೂ ಅಂಕಿ ಏರೀತು. ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಗಾಂಜಾ ಈ ಯಂತ್ರಕ್ಕೆ ಸಿಗದು. ಮೂತ್ರ ಪರೀಕ್ಷೆಯಲ್ಲಿ ಸಿಕ್ಕರೂ, ಸೇದಿ ದಿನಗಳಾದ ಮೇಲೂ ಅದರ ಕುರುಹು ಉಳಿಯುವುದರಿಂದ ಕರ್ತವ್ಯದ ಹೊತ್ತಿನ ಅಮಲು ಸಾಬೀತಾಗುವುದಿಲ್ಲ.