ಹಗ್ಗ ಹಿಡಿದು ಕಲಿತ ರೇಖಾಗಣಿತ

ರೇಖಾಗಣಿತವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ತಗಡಿನ ಕಂಪಾಸು ಪೆಟ್ಟಿಗೆ, ಕರಿಹಲಗೆಯ ಮೇಲಿನ ತ್ರಿಭುಜ, ಅರ್ಥವಾಗದೆ ಬಾಯಿಪಾಠ ಮಾಡಿದ ಪ್ರಮೇಯ. ಪರೀಕ್ಷೆ ಮುಗಿದೊಡನೆ ಪ್ರಮೇಯ ಮರೆತುಹೋಯಿತು, ಪೆಟ್ಟಿಗೆ ಅಟ್ಟ ಸೇರಿತು. ಆದರೆ ಈ ಶಾಸ್ತ್ರ ಬೆಳೆದದ್ದು ಹಲಗೆಯ ಮೇಲಲ್ಲ, ನೆಲದ ಮೇಲೆ. ನಮ್ಮ ಶುಲ್ಬಸೂತ್ರಗಳ ಹೆಸರಿನಲ್ಲಿರುವ ‘ಶುಲ್ಬ’ ಎಂಬ ಮಾತಿಗೆ ಹಗ್ಗವೆಂದೇ ಅರ್ಥ. ಯಜ್ಞವೇದಿಕೆಯನ್ನು ಅಳತೆ ತಪ್ಪದಂತೆ ಕಟ್ಟಬೇಕೆಂಬ ಅಗತ್ಯದಿಂದ ಆ ಗಣಿತ ಬೆಳೆಯಿತು. ಮೊದಲು ಸಮಸ್ಯೆ, ಅನಂತರ ಸೂತ್ರ. ತರಗತಿಯಲ್ಲಿ ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ನಾನು ಏಳನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಮೇಷ್ಟ್ರೇ, ನಮ್ಮ ತಂದೆಯವರು ಒಂದು ಜಾಗ ಕೊಳ್ಳುತ್ತಿದ್ದಾರೆ. ನಾಲ್ಕು ಬದಿಯೂ ಮೂವತ್ತಮೂರು ಅಡಿ. ಅದು ಒಂದು ಗುಂಟೆ ತಾನೆ?” 33 ಅಡಿ ಚೌಕಕ್ಕೆ 1089 ಚದರ ಅಡಿ, ಅದೇ ಒಂದು ಗುಂಟೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಜಾಗ ಇದ್ದದ್ದು ಎರಡು ದಾರಿಗಳು ಓರೆಯಾಗಿ ಕೂಡುವ ಮೂಲೆಯಲ್ಲಿ.

ನಾನು ಉತ್ತರ ಹೇಳಲಿಲ್ಲ. ಸಮನಾದ ನಾಲ್ಕು ಬಿದಿರು ಕಡ್ಡಿಗಳನ್ನು ತರಿಸಿ, ತುದಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿಸಿದೆ. ಎದುರುಬದುರಾದ ಎರಡು ಮೂಲೆಗಳನ್ನು ಹಿಡಿದು ಎಳೆಯಿರಿ ಎಂದೆ. ಚೌಕ ವಾಲಿ ವಜ್ರಾಕೃತಿಯಾಯಿತು. ಎಳೆದಷ್ಟೂ ಒಳಗಿನ ಜಾಗ ಕಿರಿದಾಗುತ್ತ ಬಂತು. ಕಡ್ಡಿಗಳ ಉದ್ದ ಮಾತ್ರ ಇದ್ದಂತೆಯೇ ಇತ್ತು. ಹಾಗಾದರೆ ಬದಿಗಳನ್ನಷ್ಟೇ ಅಳೆದು ಜಾಗವೆಷ್ಟೆಂದು ಹೇಳುವುದು ಹೇಗೆ? ಮಕ್ಕಳೇ ಈ ಪ್ರಶ್ನೆ ಹಾಕಿಕೊಂಡರು. ಒಬ್ಬ ಹುಡುಗಿ ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಕಟ್ಟಿದಳು. ಚೌಕಟ್ಟು ಬಿಗಿಯಾಗಿ ನಿಂತಿತು, ಏಕೆಂದರೆ ಅದೀಗ ಎರಡು ತ್ರಿಭುಜ. ಮೂರು ಬದಿಗಳ ಉದ್ದ ಗೊತ್ತಾದರೆ ತ್ರಿಭುಜದ ಆಕಾರವೂ ಗೊತ್ತಾದಂತೆ. ಕರ್ಣವೆಂಬ ಹೆಸರನ್ನು ನಾನು ಹೇಳಿದ್ದು ಆಗ.

ಮರುದಿನ ಹುಡುಗರು ಹಗ್ಗದೊಡನೆ ಆ ಜಾಗಕ್ಕೆ ಹೋದರು. ಹತ್ತಿರದ ಮೂಲೆಗಳ ನಡುವಣ ಕರ್ಣವೂ ಹೆಚ್ಚುಕಡಿಮೆ 33 ಅಡಿಯೇ! ಕಾಗದದ ಮೇಲೆ ಅಳತೆಗೆ ತಕ್ಕಂತೆ ನಕ್ಷೆ ಬರೆದು ಲಂಬವನ್ನು ಅಳೆದಾಗ ಒಬ್ಬನಿಗೆ 28 ಅಡಿ, ಇನ್ನೊಬ್ಬನಿಗೆ 29 ಬಂತು. ಯಾರದು ಸರಿ? ಜಗಳ ಹತ್ತಿತು. ಪ್ರಮೇಯಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಸಮಬಾಹು ತ್ರಿಭುಜವನ್ನು ನಡುವೆ ಮಡಿಸಿದರೆ ಲಂಬಕೋನ ತ್ರಿಭುಜ ಬರುತ್ತದೆ: ದೊಡ್ಡ ಬದಿ 33, ಪಾದ ಹದಿನಾರೂವರೆ. ಪೈಥಾಗೊರಸನ ಹೆಸರಿನ ಪ್ರಮೇಯದಿಂದ, ಬೌಧಾಯನನೂ ಹೇಳಿದ ಅದೇ ನಿಯಮದಿಂದ, ಲಂಬ ಸುಮಾರು 28 ಅಡಿ 7 ಅಂಗುಲ. ಅದನ್ನು 33ರಿಂದ ಗುಣಿಸಿದರೆ ಸುಮಾರು 943 ಚದರ ಅಡಿ. ಗುಂಟೆಗೆ 146 ಚದರ ಅಡಿ ಕೊರತೆ. ಮನೆಯಲ್ಲಿ ಬೆಲೆಯ ಮಾತು ಹೊಸದಾಗಿ ನಡೆಯಿತೆಂದು ಹುಡುಗ ಆಮೇಲೆ ತಿಳಿಸಿದ.

ಈ ಎಡವಟ್ಟು ಹೊಸದೇನೂ ಅಲ್ಲ. ಎದುರು ಬದಿಗಳ ಸರಾಸರಿಗಳನ್ನು ಗುಣಿಸಿ ಹೊಲದ ವಿಸ್ತೀರ್ಣ ಹೇಳುವ ಲೆಕ್ಕವನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ಸ್ಥೂಲವೆಂದು ಗುರುತಿಸಿದ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಭಾಸ್ಕರಾಚಾರ್ಯನು 1150ರ ‘ಲೀಲಾವತಿ’ಯಲ್ಲಿ ಪಿಶಾಚಿಯೆಂದು ಹಳಿಯುತ್ತಾನೆ, ಉತ್ತರ ಹೇಳಹೊರಡುವವನನ್ನೂ ಬಿಡುವುದಿಲ್ಲ. ಬದಿಗಳನ್ನಷ್ಟೇ ಕೊಟ್ಟು ವಿಸ್ತೀರ್ಣ ಕೇಳುವ ನಾವು ಉಪಾಧ್ಯಾಯರು ಈ ಬೈಗುಳಕ್ಕೆ ತಕ್ಕವರೇ.

ಒಂದು ಎಚ್ಚರಿಕೆ ಅಗತ್ಯ. ಗೋಡೆಗೆ ಏಣಿ ಒರಗಿಸಿದ ಮಾತ್ರಕ್ಕೆ ಲೆಕ್ಕ ಬದುಕಿಗೆ ಸೇರಿದ್ದಾಗುವುದಿಲ್ಲ. ಉತ್ತರ ಯಾರಿಗಾದರೂ ಬೇಕಾಗಿರಬೇಕು. ಹಾಗೆಯೇ ಅಳತೆಯಲ್ಲಿಯೇ ಪಾಠ ಮುಗಿಯಬಾರದು. ಹಗ್ಗ ಸಡಿಲವಾಗುತ್ತದೆ, ಕಣ್ಣು ತಪ್ಪುತ್ತದೆ. ಇಬ್ಬರ ಅಳತೆಯಲ್ಲಿ ಭೇದ ಬಂದಾಗ ತೀರ್ಪು ಕೊಡುವುದು ಯುಕ್ತಿಯೊಂದೇ. ಸಾಧನೆ ಏಕೆ ಬೇಕೆಂಬುದನ್ನು ಆ ಹುಡುಗರಿಗೆ ನಾನು ಮತ್ತೆಂದೂ ವಿವರಿಸಬೇಕಾಗಲಿಲ್ಲ.