‘ಹಿರಿಯೂರು’ ಸಲೀಸು, ‘ಚಿತ್ರದುರ್ಗ’ ಕಷ್ಟ

ಪ್ರಶ್ನೆ: ಮೂರನೇ ತರಗತಿಯ ಮಗಳು ಬಸ್ಸಿನ ಬೋರ್ಡಿನಲ್ಲಿ ‘ಹಿರಿಯೂರು’ ಸಲೀಸಾಗಿ ಓದುತ್ತಾಳೆ, ‘ಚಿತ್ರದುರ್ಗ’ ಬಂದರೆ ತಡವರಿಸುತ್ತಾಳೆ. ಇದು ಕಲಿಕಾ ನ್ಯೂನತೆಯೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಅಷ್ಟಕ್ಕೇ ಗಾಬರಿ ಬೇಡ. ಆ ಎರಡು ಹೆಸರುಗಳನ್ನೇ ದಿಟ್ಟಿಸಿ ನೋಡಿ. ‘ಹಿರಿಯೂರಿ’ನಲ್ಲಿ ಒತ್ತಕ್ಷರವೇ ಇಲ್ಲ. ‘ಚಿತ್ರದುರ್ಗ’ದಲ್ಲಿ ಎರಡಿವೆ, ಎರಡರಲ್ಲೂ ರಕಾರ. ‘ತ್ರ’ದಲ್ಲಿ ಅದು ಕೆಳಗೆ ಕೂತಿದೆ. ‘ರ್ಗ’ದಲ್ಲಿ ರಕಾರದ ಸದ್ದು ಮೊದಲು ಬರುತ್ತದೆ, ಗುರುತು ಮಾತ್ರ ಅರ್ಕಾವತ್ತಾಗಿ ಗಕಾರದ ಬೆನ್ನಿಗಿದೆ. ಎಂಟು ವರ್ಷದ ಕಣ್ಣಿಗೆ ಇದು ಸಣ್ಣ ಕೆಲಸವಲ್ಲ.

ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸಿತು. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಇಂಗ್ಲಿಷಿನ 26 ಅಕ್ಷರಗಳಂತೆ ಬೇಗ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ಕಲಿಕೆ ಸಾಗುತ್ತಲೇ ಇರುತ್ತದೆ. ಇಂಗ್ಲಿಷಿನ ಅಳತೆಗೋಲು ಹಿಡಿದು ನಮ್ಮ ಮಕ್ಕಳನ್ನು ದಡ್ಡರೆನ್ನುವುದು ಅನ್ಯಾಯ.

ಆದರೆ ಸರಳ ಕಾಗುಣಿತದಲ್ಲೂ ಎಡವಿದರೆ, ಹೇಳಿದ ಮಾತು ಹಿಡಿಯಲಾಗದಿದ್ದರೆ ಕಾಯಬೇಡಿ. ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಶಿಕ್ಷಕರನ್ನು ವಿಚಾರಿಸಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ.

ಸದ್ಯಕ್ಕೆ ನಿಮ್ಮೂರ ಬೋರ್ಡಿನ ‘ಲ್ಕೆ’ಯನ್ನು ಬಿಡಿಸಿ ತೋರಿಸಿ, ಆಮೇಲೆ ‘ಹೊಸದುರ್ಗ’.