ಹಲಸಿನ ಚಿಪ್ಸ್ ತಿಂದರೆ ಹಣ್ಣು ತಿಂದಂತೆಯೇ?

ಅಳವಂಡಿ ಸೀಮೆಯಲ್ಲಿ ಹಲಸಿನ ಬಗ್ಗೆ ಕಂಡು ತಿಳಿದಿದ್ದಕ್ಕಿಂತ ಕೇಳಿ ನಂಬಿದ್ದೇ ಹೆಚ್ಚು. ಜೋಳ, ಕಡಲೆ ಬೆಳೆಯುವ ನೆಲ. ಹಲಸು ಇಲ್ಲಿಗೆ ಹೊರಗಿನಿಂದ ಬರುವ ಹಣ್ಣು.

"ಅದು ಮಲೆನಾಡಿನ ಮರ, ನಮ್ಮ ಬಿಸಿಲಿಗೆ ಬದುಕೋದಿಲ್ಲ" ಎಂಬುದು ಮೊದಲ ನಂಬಿಕೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬುಗೆರೆ ಹಲಸಿಗೆ ಹೆಸರಾದ ಊರು. ಕೆಂಪು ತೊಳೆಯ 'ಸಿದ್ದು' ತಳಿ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ. ಎರಡೂ ಬಯಲುಸೀಮೆಯವೇ. ಹಲಸು ತಾಳದಿರುವುದು ಬುಡದಲ್ಲಿ ನಿಂತ ನೀರನ್ನು. ನೀರು ಬಸಿಯದ ಎರಿ ಹೊಲದಲ್ಲಿ ಬೇರು ಕೊಳೆಯುತ್ತದೆ. ಮಸಾರಿ ನೆಲವಿದ್ದು, ಮೊದಲ ಕೆಲವು ಬೇಸಿಗೆ ನೀರು ಕೊಡಲಾಗುವುದಾದರೆ ಬದುವಿನ ಮೇಲೆ ನಾಲ್ಕು ಗಿಡ ಹಚ್ಚಿ ನೋಡಬಹುದು. ಎಕರೆಗಟ್ಟಲೆ ತೋಟ ಮಾಡಿ ಎಂದು ನಾನಂತೂ ಹೇಳುವುದಿಲ್ಲ.

ಹಣ್ಣು ರುಚಿಯಾಗಿತ್ತೆಂದು ಅದರ ಬೀಜ ಊರುವವರೂ ಇದ್ದಾರೆ. ಹಲಸಿನಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ತಾಯಿಮರದ ಗುಣ ಬೀಜದ ಗಿಡಕ್ಕೆ ಹಾಗೇ ಬರುವುದಿಲ್ಲ. ಗಟ್ಟಿ ತೊಳೆಯ ಬಕ್ಕೆ ಹಲಸಿನ ಬೀಜದಿಂದ ಮೆತ್ತನೆಯ ಅಂಬಲಿ ಹಲಸೂ ಬರಬಹುದು, ಅದು ಚಿಪ್ಸಿಗೆ ಒದಗದು. ಕಸಿ ಗಿಡವನ್ನೇ ತನ್ನಿ.

ಇನ್ನು ತಿನ್ನುವ ಮಾತು. "ಹಲಸಿನದು, ಹಾಗಾಗಿ ಆರೋಗ್ಯಕರ" ಎಂದು ಮಕ್ಕಳ ಕೈಗೆ ಪ್ಯಾಕೆಟ್ ಕೊಡುತ್ತೇವೆ. ಸಾಮಾನ್ಯ ಚಿಪ್ಸನ್ನು ಬಲಿತ ಕಾಯಿಯ ತೊಳೆ ಸೀಳಿ ಎಣ್ಣೆಯಲ್ಲಿ ಕರಿದು ಮಾಡುತ್ತಾರೆ. ತೊಳೆಯಿಂದ ನೀರು ಹೋದ ಜಾಗಕ್ಕೆ ಎಣ್ಣೆ ಸೇರುತ್ತದೆ. ಆಲೂ ಚಿಪ್ಸ್ ಬಿಟ್ಟು ಇದನ್ನು ತಿಂದರೆ ಮೈಗೆ ದೊಡ್ಡ ಲಾಭವೇನಿಲ್ಲ. ನಿರ್ವಾತ ಯಂತ್ರದಲ್ಲಿ ಒತ್ತಡ ತಗ್ಗಿಸಿ, ಕಡಿಮೆ ಶಾಖದಲ್ಲಿ ಕರಿದಾಗ ಬಣ್ಣ, ಪರಿಮಳ ಚೆನ್ನಾಗಿ ಉಳಿಯುತ್ತವೆ. ಆಮೇಲೆ ಯಂತ್ರದಲ್ಲೇ ಗಿರ್ರನೆ ತಿರುಗಿಸಿ ಎಣ್ಣೆ ತೆಗೆಯುತ್ತಾರೆ. ಆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಕರಿಯದೆ ಒಣಗಿಸಿದ ಹಣ್ಣು? ನೂರು ಗ್ರಾಂ ಮಾಗಿದ ತೊಳೆಯಲ್ಲಿ ಸುಮಾರು 19 ಗ್ರಾಂ ಸಕ್ಕರೆ ಇರುತ್ತದೆ. ಒಣಗಿ ತೂಕ ಮೂರನೇ ಒಂದು ಭಾಗಕ್ಕಿಳಿದರೂ ಸಕ್ಕರೆ ಅಷ್ಟೇ ಉಳಿಯುತ್ತದೆ. ಅಂದರೆ ಒಣಹಣ್ಣಿನ ನೂರು ಗ್ರಾಂನಲ್ಲಿ ಸುಮಾರು 57 ಗ್ರಾಂ. "ಹಲಸು ಸಕ್ಕರೆ ಕಾಯಿಲೆಗೆ ಒಳ್ಳೇದು" ಎಂಬ ಮಾತು ಹುಟ್ಟಿದ್ದು ಹಸಿ ಕಾಯಿಯಿಂದ, ಅದೂ ಅನ್ನ, ರೊಟ್ಟಿಯ ಒಂದು ಪಾಲಿನ ಬದಲಿಗೆ ತಿಂದಾಗ. ಮಾಗಿದ ಹಣ್ಣಿಗೆ ಅದನ್ನು ಅಂಟಿಸಬಾರದು.

ಬೀಜವನ್ನು ಕಸವೆಂದು ಎಸೆಯುತ್ತೇವೆ. ತೊಳೆಗಿಂತ ಹೆಚ್ಚು ಪ್ರೋಟೀನ್ ಇರುವುದು ಅದರಲ್ಲೇ. ಬೇಯಿಸಿ ಸಿಪ್ಪೆ ಸುಲಿದು, ಉಪ್ಪು ಖಾರ ಹಚ್ಚಿದರೆ ಸಂಜೆಯ ತಿಂಡಿ ತಯಾರು.

ಸಂಸ್ಕರಣೆಗೆ ಮರ ಸ್ವಂತದ್ದೇ ಇರಬೇಕೆಂದೇನಿಲ್ಲ. ಬೇಯಿಸಿದ ತೊಳೆ ರುಬ್ಬಿ ಹಪ್ಪಳ ಒತ್ತುವ ಕರಾವಳಿಯ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಒಣಗಿಸಿಕೊಳ್ಳುವುದೇ ಧಾವಂತ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲು ಅಳವಂಡಿಗೆ ಪುಕ್ಕಟೆ. ಆದರೆ 20 ಕೆಜಿ ಹಣ್ಣಿನಲ್ಲಿ ತೊಳೆ ಸಿಗುವುದು ಸುಮಾರು ಮೂರನೇ ಒಂದು ಭಾಗ. ಉಳಿದಿದ್ದಕ್ಕೂ ಲಾರಿ ಬಾಡಿಗೆ ತೆರಬೇಕು. ಬಿಡಿಸಿದ ತೊಳೆಯನ್ನೇ ತರಿಸುವ ದಾರಿ ಸಿಕ್ಕರೆ ಮಹಿಳಾ ಸಂಘಗಳು ಕೈಹಾಕಬಹುದು.

ಕೊಳ್ಳುವವರು ಪ್ಯಾಕೆಟ್ಟಿನ ಮುಂದಿನ ಹಣ್ಣಿನ ಚಿತ್ರ ನೋಡಿ ಮರುಳಾಗದೆ, ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವ ಕೊಬ್ಬು, ಸಕ್ಕರೆ, ಉಪ್ಪಿನ ಪ್ರಮಾಣ ಓದಿ ಕೊಳ್ಳಿ.